ಬೆಂಗಳೂರಿನ ಸಂಗೀತ ಸಭಾಂಗಣ: ಲೆಕ್ಕ ತಪ್ಪುವುದು ಎಲ್ಲಿ?

ಬೆಂಗಳೂರಿಗೊಂದು ‘ವಿಶ್ವದರ್ಜೆಯ’ ಸಂಗೀತ ಸಭಾಂಗಣ ಬೇಕು ಎಂಬ ಮಾತು ಎದ್ದಾಗಲೆಲ್ಲ ಮೊದಲು ಬರುವ ಪ್ರಶ್ನೆ, ಎಷ್ಟು ಆಸನ? ಅದರ ಬೆನ್ನಿಗೇ, ಹೊರಗಿನಿಂದ ನೋಡಲು ಹೇಗಿರುತ್ತದೆ? ಇವೆರಡಕ್ಕೆ ಉತ್ತರ ಸಿಕ್ಕರೆ ಶಂಕುಸ್ಥಾಪನೆಗೆ ದಿನ ಗೊತ್ತಾಗುತ್ತದೆ. ಒಳಗೆ ಕೂತವರಿಗೆ ಏನು ಕೇಳಿಸಬೇಕು ಎಂಬುದು ಚರ್ಚೆಗೆ ಬರುವುದು ಕಟ್ಟಡ ಮೇಲೆದ್ದು, ಕುರ್ಚಿ ಕೂರಿಸಿ, ಕೊನೆಗೆ ಸೌಂಡ್ ಸಿಸ್ಟಂನವರನ್ನು ಕರೆಸುವ ಹೊತ್ತಿಗೆ. ಆಗ ಮಾಡಲು ಉಳಿದಿರುವುದು ಬಹಳ ಕಡಿಮೆ. ಸಭಾಂಗಣದ ಗುಣವನ್ನು ತೀರ್ಮಾನಿಸುವ ಸಂಗತಿಗಳಲ್ಲಿ ಹೆಚ್ಚಿನವು ಪ್ರೇಕ್ಷಕರ ಕಣ್ಣಿಗೆ ಬೀಳುವುದೇ ಇಲ್ಲ. ನಕ್ಷೆಯ ಮೊದಲ ಗೆರೆ ಎಳೆಯುವ ಮುಂಚೆಯೇ ಅವು ಇತ್ಯರ್ಥವಾಗಿರಬೇಕು.

ಆಕಾರದ ಮಾತನ್ನು ಮೊದಲು ಮುಗಿಸಿಬಿಡೋಣ. ವೈಯಾಲಿಕಾವಲ್ ಬಳಿಯ ಚೌಡಯ್ಯ ಸ್ಮಾರಕ ಭವನ 1980ರಲ್ಲಿ ತೆರೆಯಿತು. ಏಳು ತಂತಿಯ ಪಿಟೀಲಿಗೆ ಹೆಸರಾದ ಟಿ. ಚೌಡಯ್ಯನವರ (1895–1967) ನೆನಪಿನ ಕಟ್ಟಡವಾದ್ದರಿಂದ ಅದಕ್ಕೆ ಪಿಟೀಲಿನದೇ ರೂಪ. ಪಿಟೀಲಿನ ಆಕಾರ ಇರುವುದರಿಂದಲೇ ಒಳಗೆ ನಾದ ಚೆನ್ನಾಗಿ ಹರಡುತ್ತದೆ ಎಂದು ನಂಬಿದವರು ಇವತ್ತಿಗೂ ಇದ್ದಾರೆ. ಹಾಗೇನಿಲ್ಲ. ಪಿಟೀಲು ನುಡಿಯುವುದು ಎರಡು ಮೂರು ಮಿಲಿಮೀಟರ್ ದಪ್ಪದ ಮರದ ಹಲಗೆ ತಂತಿಯ ಜೊತೆ ಕಂಪಿಸುವುದರಿಂದ. ಕಾಂಕ್ರೀಟು ಹಾಗೆ ಕಂಪಿಸುವುದಿಲ್ಲ. ಅಷ್ಟೇ ಅಲ್ಲ, ಒಳಮುಖವಾಗಿ ಬಾಗಿದ ಯಾವುದೇ ಗೋಡೆ ಸದ್ದನ್ನು ಹರಡುವ ಬದಲು ಒಂದೆಡೆ ಕೂಡಿಸುತ್ತದೆ. ಕೆಲವು ಕುರ್ಚಿಗಳಿಗೆ ಜೋರಾಗಿ, ಪಕ್ಕದ ಕುರ್ಚಿಗಳಿಗೆ ಸಪ್ಪೆಯಾಗಿ ಕೇಳುವುದು ಇದರಿಂದಲೇ. ಬಾಗಿದ ಗೋಡೆಯ ಸಭಾಂಗಣ ಕಟ್ಟುವವರು ಒಳಮೈಯನ್ನು ಉಬ್ಬುತಗ್ಗಿನ ಹಲಗೆಗಳಿಂದ ಒಡೆಯಲೇಬೇಕು. ಚೌಡಯ್ಯ ಭವನದ ಆಕಾರ ಒಂದು ಗೌರವ ಸಮರ್ಪಣೆ, ಅಷ್ಟರ ಮಟ್ಟಿಗೆ ಅದು ಸೊಗಸಾಗಿದೆ. ಅದನ್ನು ಧ್ವನಿವಿಜ್ಞಾನ ಎಂದು ತಿಳಿದು ಮುಂದಿನ ಕಟ್ಟಡಕ್ಕೆ ವೀಣೆಯ ಆಕಾರವನ್ನೋ ತಂಬೂರಿಯ ಆಕಾರವನ್ನೋ ಕೇಳುವುದು ಮಾತ್ರ ದಂಡ.

ಹಾಗಾದರೆ ಲೆಕ್ಕ ಎಲ್ಲಿಂದ ಶುರುವಾಗಬೇಕು? 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಂನ ಉಪನ್ಯಾಸ ಕೊಠಡಿಯಲ್ಲಿ ಮಾತಾಡಿದರೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅಲ್ಲಿ ಎದ್ದ ಸದ್ದು ಸಾಯಲು ಐದೂವರೆ ಸೆಕೆಂಡು ಹಿಡಿಯುತ್ತಿತ್ತು. ವಾಲೇಸ್ ಸಬೀನ್ ಎಂಬ ತರುಣ ಭೌತವಿಜ್ಞಾನಿ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಯ ದಿಂಬುಗಳನ್ನು ರಾತ್ರಿ ಹೊತ್ತು ತಂದು, ಒಂದೊಂದಾಗಿ ಜೋಡಿಸಿ, ಸದ್ದು ಎಷ್ಟು ಬೇಗ ಅಡಗುತ್ತದೆ ಎಂದು ಅಳೆದ. ಅದರಿಂದ ಹೊರಟ ಸೂತ್ರ ಸರಳ: ಕೋಣೆಯ ಗಾತ್ರವನ್ನು (ಘನಮೀಟರಿನಲ್ಲಿ) 0.161ರಿಂದ ಗುಣಿಸಿ, ಒಳಗೆ ಸದ್ದನ್ನು ಹೀರುವ ಒಟ್ಟು ಮೈಯಿಂದ (ಚದರ ಮೀಟರಿನಲ್ಲಿ) ಭಾಗಿಸಿದರೆ ಅನುರಣನ ಕಾಲ ಸಿಗುತ್ತದೆ. ಸದ್ದು 60 ಡೆಸಿಬಲ್ (ಸದ್ದಿನ ಮಟ್ಟದ ಅಳತೆ) ಕುಸಿಯಲು ಬೇಕಾಗುವ ಸೆಕೆಂಡುಗಳು ಎಂದರ್ಥ. ಈ ಲೆಕ್ಕ ಹಿಡಿದು ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ಇಂದಿಗೂ ಜಗತ್ತಿನ ಅತ್ಯುತ್ತಮ ಸಭಾಂಗಣಗಳ ಪಟ್ಟಿಯಲ್ಲಿ ಅದರ ಹೆಸರು ತಪ್ಪುವುದಿಲ್ಲ.

ಇದನ್ನು ನಮ್ಮ ಊರಿಗೆ ಹಚ್ಚಿ ನೋಡೋಣ. ಸಾವಿರ ಆಸನ, ವೇದಿಕೆ ಸೇರಿ ಸುಮಾರು 750 ಚದರ ಮೀಟರ್ ನೆಲ. ಚಾವಣಿ 8 ಮೀಟರ್ (26 ಅಡಿ) ಎತ್ತರದಲ್ಲಿದ್ದರೆ ಗಾತ್ರ 6000 ಘನಮೀಟರ್. ಮೆತ್ತನೆಯ ಕುರ್ಚಿಯಲ್ಲಿ ಕೂತ ಸಾವಿರ ಜನ 500–600 ಚದರ ಮೀಟರಿನಷ್ಟು ಹೀರುತ್ತಾರೆ. ಗೋಡೆ, ಪರದೆ, ನೆಲಹಾಸು ಸೇರಿ ಒಟ್ಟು 800 ಎಂದಿಟ್ಟುಕೊಳ್ಳಿ. ಅನುರಣನ ಕಾಲ 1.2 ಸೆಕೆಂಡು. ಈಗ ಅದೇ ಸಾವಿರ ಜನ, ಅದೇ ನೆಲ, ಚಾವಣಿ ಮಾತ್ರ 13 ಮೀಟರಿಗಿಂತ ತುಸು ಮೇಲೆ (44 ಅಡಿ). ಗಾತ್ರ 10,000 ಘನಮೀಟರ್, ಹೀರುವಿಕೆ ಸ್ವಲ್ಪ ಹೆಚ್ಚಿ 850. ಅನುರಣನ ಕಾಲ 1.9 ಸೆಕೆಂಡು. ಮೊದಲನೆಯದು ಕರ್ನಾಟಕ ಸಂಗೀತ ಕಚೇರಿಗೂ ನಾಟಕಕ್ಕೂ ಆಗುವ ಸಭಾಂಗಣ. ಎರಡನೆಯದು ಮೈಕಿಲ್ಲದೆ ನುಡಿಸುವ ಪಾಶ್ಚಾತ್ಯ ಆರ್ಕೆಸ್ಟ್ರಾಕ್ಕೆ ಸಲ್ಲುವ ಸಭಾಂಗಣ. ಇವೆರಡರ ನಡುವಿನ ವ್ಯತ್ಯಾಸ ಹದಿನೆಂಟು ಅಡಿ ಗಾಳಿ. ಆ ಹದಿನೆಂಟು ಅಡಿಯನ್ನು ಕಟ್ಟಡ ಮುಗಿದ ಮೇಲೆ ಯಾವ ದುಬಾರಿ ಸ್ಪೀಕರೂ ತಂದುಕೊಡುವುದಿಲ್ಲ.

‘ಬಹೂಪಯೋಗಿ ಸಭಾಂಗಣ’ ಎಂಬ ಸರ್ಕಾರಿ ಶಬ್ದ ಸೋಲುವುದು ಇಲ್ಲಿಯೇ. ಎಲ್ಲಕ್ಕೂ ಆಗಲಿ ಎಂದು ನಡುವಿನ ಎತ್ತರಕ್ಕೆ ಕಟ್ಟಿದರೆ ಆರ್ಕೆಸ್ಟ್ರಾಕ್ಕೆ ಒಣಗಲು, ಭಾಷಣಕ್ಕೆ ಗೊಂದಲ. ಅನುರಣನವನ್ನು ಬೇಕಾದಂತೆ ಬದಲಿಸುವ ದಾರಿ ಇಲ್ಲವೆಂದಲ್ಲ. ದೊಡ್ಡ ಗಾತ್ರದಲ್ಲೇ ಕಟ್ಟಿ, ಗೋಡೆಯ ಮೇಲ್ಭಾಗದಲ್ಲಿ ಇಳಿಬಿಡುವ ಪರದೆಗಳನ್ನು ಇಡುವುದು ಈಗ ರೂಢಿಯಲ್ಲಿರುವ ವಿಧಾನ. ಆದರೆ ಎಷ್ಟು ಪರದೆ? ಮೇಲಿನ 10,000 ಘನಮೀಟರಿನ ಸಭಾಂಗಣವನ್ನು 1.9ರಿಂದ 1.2ಕ್ಕೆ ಇಳಿಸಲು ಹೆಚ್ಚುವರಿಯಾಗಿ ಸುಮಾರು 500 ಚದರ ಮೀಟರ್ ಹೀರುವಿಕೆ ಬೇಕು. ದಪ್ಪ ಪರದೆ ತನಗೆ ಬಡಿದ ಸದ್ದಿನ ನೂರಕ್ಕೆ 70 ಭಾಗ ಹೀರುತ್ತದೆ ಎಂದರೂ 700 ಚದರ ಮೀಟರ್ ಪರದೆ ಆಯಿತು, ಅಂದರೆ ಏಳೂವರೆ ಸಾವಿರ ಚದರಡಿ. ಅದನ್ನು ಮೇಲೆತ್ತಿದಾಗ ಮಡಿಸಿಡಲು ಪೆಟ್ಟಿಗೆ ಬೇಕು, ಮೋಟಾರು ಬೇಕು, ಧೂಳು ಹೊಡೆಯುವವರು ಬೇಕು, ಬೆಂಕಿ ಹತ್ತದ ಬಟ್ಟೆಯೇ ಆಗಬೇಕು. ಇಷ್ಟಾದರೂ ಪರದೆ ಹೀರುವುದು ನಡು ಮತ್ತು ಮೇಲಿನ ಸ್ವರಗಳನ್ನು ಮಾತ್ರ. ನೂರು ಹರ್ಟ್ಸ್ (ಸೆಕೆಂಡಿಗೆ ನೂರು ಕಂಪನ) ಆಸುಪಾಸಿನ ಕೆಳಗಿನ ಸ್ವರದ ಅಲೆ ಮೂರೂವರೆ ಮೀಟರ್ ಉದ್ದ. ಅದನ್ನು ಹಿಡಿಯಬೇಕಾದರೆ ಪರದೆಗೂ ಗೋಡೆಗೂ ನಡುವೆ ಮುಕ್ಕಾಲು ಮೀಟರಿಗಿಂತ ಹೆಚ್ಚು ತೆರಪಿರಬೇಕು. ಆ ತೆರಪು ಬಿಡದೆ ಗೋಡೆಗೆ ಅಂಟಿಸಿದಂತೆ ಪರದೆ ಹಾಕಿದ ಕಡೆಯಲ್ಲೆಲ್ಲ ಗಾಯಕರ ಕಂಠ ಒಣಗಿ, ಮೃದಂಗದ ಎಡಗೈ ಮಾತ್ರ ಗುಮ್ಮೆಂದು ಉಳಿಯುತ್ತದೆ. ಡ್ರಮ್ಮು, ಬೇಸ್ ಗಿಟಾರಿನ ಕಾರ್ಯಕ್ರಮದಲ್ಲಿ ಇದು ಇನ್ನೂ ಕೆಟ್ಟದಾಗಿ ಬಯಲಾಗುತ್ತದೆ.

ಆಸನ ಹೆಚ್ಚಿಸುವ ಹಟ ಏನು ಮಾಡುತ್ತದೆ ಎಂಬುದಕ್ಕೆ ನ್ಯೂಯಾರ್ಕಿನ ಲಿಂಕನ್ ಸೆಂಟರ್ ದೊಡ್ಡ ಪಾಠ. 1962ರಲ್ಲಿ ತೆರೆದ ಫಿಲ್‌ಹಾರ್ಮೋನಿಕ್ ಹಾಲ್‌ನ ನಕ್ಷೆಯನ್ನು ಆಸನ ಹೆಚ್ಚಿಸುವ ಒತ್ತಡಕ್ಕೆ ತಿದ್ದಿದರು. ತೆರೆದ ದಿನದಿಂದಲೇ ಧ್ವನಿಯ ಬಗ್ಗೆ ದೂರು. 1976ರಲ್ಲಿ ಒಳಭಾಗವನ್ನು ಕಿತ್ತು ಕಟ್ಟಿದರು, ಸಮಾಧಾನವಾಗಲಿಲ್ಲ. ಕೊನೆಗೆ 2022ರಲ್ಲಿ 55 ಕೋಟಿ ಡಾಲರ್ ಖರ್ಚಿನಲ್ಲಿ ಡೇವಿಡ್ ಗೆಫೆನ್ ಹಾಲ್ ಎಂಬ ಹೆಸರಲ್ಲಿ ಮತ್ತೆ ತೆರೆದಾಗ ಆಸನಗಳ ಸಂಖ್ಯೆಯನ್ನು 2738ರಿಂದ 2200ಕ್ಕೆ ಇಳಿಸಿದ್ದರು, ವೇದಿಕೆಯನ್ನು ಜನರ ನಡುವಿಗೆ ಸರಿಸಿದ್ದರು. ಅರುವತ್ತು ವರ್ಷದ ಸುತ್ತಾಟ.

ಇನ್ನು ನಮ್ಮ ಸಂಗೀತಕ್ಕೆ ಬರೋಣ. ಪಾಶ್ಚಾತ್ಯ ಸಭಾಂಗಣಗಳ ಅಳತೆಯನ್ನೇ ತಂದು ಇಲ್ಲಿ ನೆಟ್ಟರೆ ಆಗದು. ಗಾಯಕರು ಮೇಲ್ಕಾಲದಲ್ಲಿ ಕಲ್ಪನಾಸ್ವರ ಹಾಕುವಾಗ ಸೆಕೆಂಡಿಗೆ ಎಂಟು ಸ್ವರ ಬರುತ್ತವೆ ಎನ್ನಿ. ಒಂದು ಸ್ವರಕ್ಕೆ 125 ಮಿಲಿಸೆಕೆಂಡು. ಅನುರಣನ 2 ಸೆಕೆಂಡು ಇರುವ ಕಡೆ ಮುಂದಿನ ಸ್ವರ ಬರುವಷ್ಟರಲ್ಲಿ ಹಿಂದಿನದು ಕುಗ್ಗಿರುವುದು 4 ಡೆಸಿಬಲ್‌ಗಿಂತ ಕಡಿಮೆ, ಅಂದರೆ ಅದು ಇನ್ನೂ ಕಿವಿಯಲ್ಲೇ ಇದೆ. ರಿಗಮದಲ್ಲಿ ಗಾಂಧಾರದ ಮೇಲೆ ರಿಷಭ, ಮಧ್ಯಮದ ಮೇಲೆ ಗಾಂಧಾರ ಕವುಚಿ ಬೀಳುತ್ತವೆ, ಗಮಕದ ಅಂಚು ಮಾಸುತ್ತದೆ. 1.1 ಸೆಕೆಂಡಿನ ಸಭಾಂಗಣದಲ್ಲಾದರೆ ಅಷ್ಟರೊಳಗೆ ಹತ್ತಿರ ಹತ್ತಿರ 7 ಡೆಸಿಬಲ್ ಕುಗ್ಗಿರುತ್ತದೆ. ಸ್ವರಗಳು ಬಿಡಿಬಿಡಿಯಾಗಿ ಸಿಗುತ್ತವೆ. ವೀಣೆಯ ತಾನಕ್ಕೋ ಕೊಳಲಿನ ಆಲಾಪನೆಗೋ ತುಸು ಹೆಚ್ಚಿನ ಅನುರಣನ ಹಿತ ಎನ್ನುವವರಿದ್ದಾರೆ, ಅದೂ ಸರಿಯೇ. ಆದರೆ ತನಿ ಆವರ್ತನದ (ತಾಳವಾದ್ಯಗಳಷ್ಟೇ ನುಡಿಯುವ ಭಾಗದ) ಹೊತ್ತಿಗೆ ಮೃದಂಗ, ಘಟ, ಖಂಜಿರ ಮೂರೂ ಒಂದಾಗಿ ಕಲಸಿಹೋದರೆ ಲೆಕ್ಕಾಚಾರ ಕೇಳುವ ಸುಖವೇ ಇಲ್ಲ. 1ರಿಂದ 1.3 ಸೆಕೆಂಡು ಕಚೇರಿಗೆ ಒಪ್ಪುವ ವ್ಯಾಪ್ತಿ ಎನ್ನಬಹುದು.

ಬೆಂಗಳೂರಿನ ಕೇಳುಗರ ಕಿವಿ ಪಳಗಿದ್ದು ಸಭಾಂಗಣಗಳಲ್ಲಿ ಮಾತ್ರವಲ್ಲ, ಚಪ್ಪರಗಳಲ್ಲಿ ಕೂಡ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿ ನಡೆಸಿಕೊಂಡು ಬಂದ ರಾಮನವಮಿ ಸಂಗೀತೋತ್ಸವ ಇದಕ್ಕೆ ದೊಡ್ಡ ಉದಾಹರಣೆ. ಬಟ್ಟೆಯ ಚಾವಣಿ, ತೆರೆದ ಪಕ್ಕಗಳು: ಅನುರಣನ ಇಲ್ಲವೆಂದರೂ ಆದೀತು. ಅಲ್ಲಿ ಕೇಳಿಸುವುದೆಲ್ಲ ಸ್ಪೀಕರಿನ ಕೃಪೆ. ಇದರ ಒಂದು ಪರಿಣಾಮ ಎಂದರೆ, ಮೈಕು ನಮ್ಮ ಕಚೇರಿಯ ಅಂಗವೇ ಆಗಿಹೋಗಿದೆ, ಇನ್ನೂರು ಜನ ಕೂರುವ ಕೋಣೆಯಲ್ಲೂ ಮೈಕಿಲ್ಲದೆ ಹಾಡುವವರು ಅಪರೂಪ. ಮುಂಬೈನ ಎನ್‌ಸಿಪಿಎ (ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ) ಆವರಣದಲ್ಲಿ 1980ರಲ್ಲಿ ತೆರೆದ ಟಾಟಾ ಥಿಯೇಟರನ್ನು ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ ಮತ್ತು ಧ್ವನಿತಜ್ಞ ಸಿರಿಲ್ ಹ್ಯಾರಿಸ್ ಮೈಕಿಲ್ಲದೆಯೂ ಕೇಳುವಂತೆ ರೂಪಿಸಿದರು. ಸಾವಿರದಷ್ಟು ಆಸನಗಳ ಜಾಗದಲ್ಲಿ ಇದು ಸಾಧ್ಯ ಎಂಬುದಕ್ಕೆ ದೇಶದೊಳಗೇ ಸಾಕ್ಷಿ ಇದೆ.

ಮೈಕಿನ ಗಣಿತವನ್ನೂ ಒಮ್ಮೆ ನೋಡಬೇಕು. ಗಾಯಕರಿಗೊಂದು, ಪಿಟೀಲಿಗೊಂದು, ಮೃದಂಗಕ್ಕೆ ಎರಡು, ಘಟಕ್ಕೊಂದು, ತಂಬೂರಿಗೊಂದು, ಒಟ್ಟು ಆರು. ತೆರೆದ ಮೈಕುಗಳ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ಮೈಕು ಕೂಗದಂತೆ ಏರಿಸಬಹುದಾದ ಮಟ್ಟ 3 ಡೆಸಿಬಲ್ ಕಡಿಮೆಯಾಗುತ್ತದೆ. ಒಂದರಿಂದ ಆರಕ್ಕೆ ಹೋದರೆ ಸುಮಾರು 8 ಡೆಸಿಬಲ್ ಕೈಬಿಟ್ಟಂತೆ. ಇದರ ಮೇಲೆ ಕಲಾವಿದರಿಗೇ ಕೇಳಿಸಲೆಂದು ವೇದಿಕೆಯಲ್ಲಿಡುವ ಮಾನಿಟರ್ ಸ್ಪೀಕರುಗಳು. ಮೃದಂಗದವರಿಗೆ ಗಾಯಕರ ದನಿ ಹೆಚ್ಚು ಬೇಕು, ಪಿಟೀಲಿನವರಿಗೆ ತಮ್ಮದೇ ನಾದ ಬೇಕು, ಇವರಿಬ್ಬರದೂ ಏರಿದ ಮೇಲೆ ಗಾಯಕರಿಗೆ ತಂಬೂರಿ ಕೇಳಿಸದು. ಮೊದಲ ವರ್ಣ ಮುಗಿಯುವವರೆಗೂ ಎಲ್ಲರ ಬೆರಳೂ ಮೇಲಕ್ಕೇ. ಅಷ್ಟರಲ್ಲಿ ಮೈಕು ಕುಯ್ಯೆನ್ನುತ್ತದೆ, ಮುಂದಿನ ಸಾಲಿನವರಿಗೆ ಮಾನಿಟರಿನ ಬೆನ್ನಿನ ಸದ್ದೇ ಹೆಚ್ಚು ಕೇಳುತ್ತದೆ. ಪರಿಹಾರ ಅರ್ಧ ಸೌಂಡ್ ಎಂಜಿನಿಯರ್ ಕೈಯಲ್ಲಿ, ಇನ್ನರ್ಧ ಕಟ್ಟಡದಲ್ಲಿ ಇದೆ. ಮೈಕನ್ನು ಒಂದಡಿಯಿಂದ ಅರ್ಧ ಅಡಿಗೆ ತಂದರೆ 6 ಡೆಸಿಬಲ್ ಸುಮ್ಮನೆ ಸಿಗುತ್ತದೆ. ಕಲಾವಿದರಿಂದ ಮೂರೂವರೆ ಮೀಟರ್ ದೂರದಲ್ಲಿ, ಹಿಂದೆ ಮತ್ತು ಮೇಲೆ, ಗಟ್ಟಿ ಮರದ ಹಲಗೆಗಳಿದ್ದರೆ ಅವರ ನಾದ ಹೆಚ್ಚುಕಡಿಮೆ 20 ಮಿಲಿಸೆಕೆಂಡಿನಲ್ಲಿ ಅವರಿಗೇ ವಾಪಸ್ಸಾಗುತ್ತದೆ, ಒಬ್ಬರಿಗೊಬ್ಬರು ಕೇಳಿಸಿಕೊಳ್ಳುತ್ತಾರೆ, ಮಾನಿಟರು ಅರ್ಧಕ್ಕೆ ಇಳಿಯುತ್ತದೆ. ವೇದಿಕೆಯ ಮೂರೂ ಬದಿಗೆ ಮಖಮಲ್ ಪರದೆ ಇಳಿಬಿಡುವ ನಮ್ಮ ಪದ್ಧತಿ ಇದಕ್ಕೆ ಪೂರಾ ಉಲ್ಟಾ. ಆ ಪರದೆ ನಾಟಕದ್ದು, ಕಚೇರಿಯ ದಿನ ಅದನ್ನು ಸರಿಸಿ ಹಲಗೆಗಳನ್ನು ನಿಲ್ಲಿಸುವ ವ್ಯವಸ್ಥೆ ಇರಬೇಕು.

ಕಲ್ಯಾಣ ಮಂಟಪದಲ್ಲಿ ನಡೆಯುವ ಕಚೇರಿಗಳ ಗತಿ ಬೇರೆ. ನೆಲಕ್ಕೆ ಗ್ರಾನೈಟ್, ಗೋಡೆಗೆ ಟೈಲ್ಸು, ಮೇಲೆ ಪಿಒಪಿ. ಗಾತ್ರ 3000 ಘನಮೀಟರ್ ಇದ್ದು ಖಾಲಿಯಿರುವಾಗ ಅನುರಣನ 3 ಸೆಕೆಂಡು ಎಂದಿಟ್ಟುಕೊಂಡರೆ, ಸಾಮಾನ್ಯ ಪೆಟ್ಟಿಗೆ ಸ್ಪೀಕರಿನಿಂದ ಐದು ಮೀಟರ್ ದಾಟುತ್ತಿದ್ದಂತೆ ನೇರ ಸದ್ದಿಗಿಂತ ಗೋಡೆಯಿಂದ ಬಂದ ಕಲಸುಮೇಲೋಗರವೇ ಹೆಚ್ಚು. ಹಿಂದಿನ ಸಾಲಿನವರು ‘ಕೇಳಿಸ್ತಾ ಇಲ್ಲ, ಸೌಂಡ್ ಜಾಸ್ತಿ ಮಾಡಿ’ ಎನ್ನುತ್ತಾರೆ. ಜಾಸ್ತಿ ಮಾಡಿದರೆ ಎರಡೂ ಒಟ್ಟಿಗೇ ಏರುತ್ತವೆ, ಸ್ಪಷ್ಟತೆ ಕಿಂಚಿತ್ತೂ ಹೆಚ್ಚುವುದಿಲ್ಲ. ಮುನ್ನೂರು ಜನ ಕೂತರೆ ಅನುರಣನ 1.6ರ ಹತ್ತಿರಕ್ಕೆ ಬರುತ್ತದೆ. ಹಿಂಬದಿ ಗೋಡೆಗೂ ಚಾವಣಿಗೂ ಎರಡು ಅಂಗುಲ ದಪ್ಪದ ಗ್ಲಾಸ್‌ವೂಲ್ ಹಲಗೆಯನ್ನು ಬಟ್ಟೆ ಹೊದಿಸಿ ಒಟ್ಟು ನೂರು ಚದರ ಮೀಟರ್ ಕೂರಿಸಿದರೆ 1.25ಕ್ಕೆ ಇಳಿಯುತ್ತದೆ. ಸಣ್ಣ ಸಭೆಗಳಿಗೆ ಇದಕ್ಕಿಂತ ಒಳ್ಳೆಯ ಹೂಡಿಕೆ ಇನ್ನೊಂದಿಲ್ಲ. ಹೊಸ ಸ್ಪೀಕರ್ ಜೋಡಿ ಕೊಳ್ಳುವ ಮುಂಚೆ ಈ ಕೆಲಸ ಆಗಬೇಕು. ಮಾರುಕಟ್ಟೆಯಲ್ಲಿ ‘ಅಕೌಸ್ಟಿಕ್’ ಹೆಸರಲ್ಲಿ ಸಿಗುವ ಅರ್ಧ ಅಂಗುಲದ ಫೋಮ್ ತುಂಡುಗಳು ಮೇಲಿನ ಸ್ವರಗಳನ್ನಷ್ಟೇ ತಿಂದು ಉಳಿದದ್ದನ್ನು ಹಾಗೇ ಬಿಡುತ್ತವೆ, ಬೆಂಕಿಯ ಅಪಾಯ ಬೇರೆ.

ಸದ್ದಿನ ಬಗ್ಗೆ ಇಷ್ಟು ಹೇಳಿದ ಮೇಲೆ ನಿಶ್ಶಬ್ದದ ಬಗ್ಗೆ ಹೇಳಬೇಕು. ಒಳ್ಳೆಯ ಸಂಗೀತ ಸಭಾಂಗಣದಲ್ಲಿ ಯಾರೂ ಇಲ್ಲದಾಗ, ಎ.ಸಿ. ಓಡುತ್ತಿರುವಾಗ, ಸದ್ದಿನ ಮಟ್ಟ 25ರಿಂದ 30 ಡೆಸಿಬಲ್ ದಾಟಬಾರದು. ನಮ್ಮ ಎಷ್ಟೋ ಹವಾನಿಯಂತ್ರಿತ ಸಭಾಂಗಣಗಳಲ್ಲಿ ಅದು 40 ದಾಟುತ್ತದೆ. ತಂಬೂರಿಯ ಜವಾರಿಯ (ತಂತಿಯ ಝೇಂಕಾರದ) ಸೂಕ್ಷ್ಮ ಮುಳುಗಲು ಅಷ್ಟು ಸಾಕು. ಕಾರಣ ಗಾಳಿಯ ವೇಗ. ಉಳಿತಾಯಕ್ಕೆಂದು ಡಕ್ಟು (ಗಾಳಿ ಒಯ್ಯುವ ಕೊಳವೆ) ಸಣ್ಣದು ಮಾಡುತ್ತಾರೆ, ಅದೇ ಗಾಳಿ ಜೋರಾಗಿ ನುಗ್ಗಬೇಕಾಗುತ್ತದೆ, ಜಾಲರಿಯ ಬಾಯಲ್ಲಿ ಸುಯ್ಗುಡುತ್ತದೆ. ಡಕ್ಟನ್ನು ಅಗಲ ಮಾಡಿ, ಗಾಳಿ ಹೊರಬೀಳುವ ಬಾಯಲ್ಲಿ ವೇಗ ಸೆಕೆಂಡಿಗೆ ಎರಡು ಮೀಟರಿನ ಸುತ್ತ ಇರುವಂತೆ ನೋಡಿಕೊಂಡರೆ ಸದ್ದು ಅಡಗುತ್ತದೆ. ಇನ್ನೂ ಒಳ್ಳೆಯದು, ಕುರ್ಚಿಯ ಕೆಳಗಿನಿಂದ ನಿಧಾನವಾಗಿ ತಂಪು ಗಾಳಿ ಬಿಡುವುದು. ಆದರೆ ಅದಕ್ಕೆ ಆಸನದ ಮೆಟ್ಟಿಲುಗಳ ಕೆಳಗೆ ಆಳೆತ್ತರದ ಟೊಳ್ಳು ಜಾಗ ಬೇಕು, ಅಂದರೆ ಮತ್ತೆ ಮೊದಲ ನಕ್ಷೆಯ ಪ್ರಶ್ನೆ. ಎ.ಸಿ.ಯ ತಂಪು ಯಂತ್ರವಾದ ಚಿಲ್ಲರ್ ಘಟಕವನ್ನು ಸಭಾಂಗಣದ ಚಾವಣಿಯ ಮೇಲೆ ಕೂರಿಸುವುದು ಇಲ್ಲಿ ಸಾಮಾನ್ಯವಾಗಿ ಆಗುವ ಇನ್ನೊಂದು ಎಡವಟ್ಟು. ಕಂಪನ ಸ್ಲ್ಯಾಬಿನ ಮೂಲಕ ನೇರ ಒಳಗಿಳಿಯುತ್ತದೆ.

ಬೆಂಗಳೂರಿನ ಮಳೆಗೂ ಕಚೇರಿಗೂ ಒಂದೇ ಹೊತ್ತು. ಏಪ್ರಿಲ್–ಮೇ ತಿಂಗಳಲ್ಲಿ ಸಂಜೆ ಐದಾರು ಗಂಟೆಯ ಮೇಲೆ ಗುಡುಗು ಮಳೆ, ರಾಮನವಮಿ ಕಚೇರಿಗಳೂ ಆಗಲೇ. ತಗಡಿನ ಚಾವಣಿಯಿದ್ದರೆ ಮಳೆ ನಿಲ್ಲುವವರೆಗೆ ಕಲಾವಿದರು ಕೈಕಟ್ಟಿ ಕೂರಬೇಕು. ತಗಡಿನ ಕೆಳಗೆ ಬರೀ ಪಿಒಪಿ ಹಾಕಿದರೆ ಸಾಲದು. ಆರು ಅಂಗುಲದ ಕಾಂಕ್ರೀಟ್ ಸ್ಲ್ಯಾಬ್ ಇರಬೇಕು, ಇಲ್ಲವೇ ಎರಡು ಪದರದ ಭಾರವಾದ ಹಲಗೆ, ನಡುವೆ ಗ್ಲಾಸ್‌ವೂಲ್. ಸದ್ದನ್ನು ತಡೆಯುವುದು ತೂಕ. ಗೋಡೆಯ ತೂಕ ಇಮ್ಮಡಿಸಿದರೆ ಸುಮಾರು 6 ಡೆಸಿಬಲ್ ಹೆಚ್ಚು ತಡೆಯುತ್ತದೆ. ಬಾಗಿಲು ಒಂದೇ ಇದ್ದರೆ ಆ ಗೋಡೆಯಿಂದಲೂ ಉಪಯೋಗವಿಲ್ಲ, ಮೊಗಸಾಲೆಯ ಕಾಫಿ ಲೋಟದ ಸದ್ದು ಒಳಗೆ ಬರುತ್ತದೆ. ಎರಡು ಬಾಗಿಲು, ನಡುವೆ ನಾಲ್ಕು ಹೆಜ್ಜೆಯ ಕತ್ತಲ ಓಣಿ, ಅಂಚಿಗೆ ರಬ್ಬರ್ ಪಟ್ಟಿ, ಇಷ್ಟು ಬೇಕು. ಹಡಗಿನ ಸೈರನ್ನು ಕೇಳಬಾರದೆಂದು ಹ್ಯಾಂಬರ್ಗಿನ ಎಲ್ಬ್‌ಫಿಲ್‌ಹಾರ್ಮೊನಿ (2017) ತನ್ನ 2100 ಆಸನಗಳ ಇಡೀ ಸಭಾಂಗಣವನ್ನು 362 ಸ್ಪ್ರಿಂಗುಗಳ ಮೇಲೆ ಕೂರಿಸಿದೆ. ನಮಗೆ ಅಷ್ಟು ಬೇಡ. ಆದರೆ ಮೆಟ್ರೊ ಸುರಂಗದ ನೆತ್ತಿಯ ಮೇಲೋ ಕಂಬದ ಪಕ್ಕದಲ್ಲೋ ನಿವೇಶನ ಸಿಕ್ಕರೆ ಮೊದಲು ನೆಲದ ಕಂಪನ ಅಳೆಸದೆ ಮುಂದುವರಿಯಬಾರದು. ಮೆಟ್ರೊದ ಹತ್ತಿರ ಇರಬೇಕು, ಅಂಟಿಕೊಂಡಿರಬಾರದು.

ಕರೆಂಟಿನ ವಿಚಾರ ಸಣ್ಣದೆನಿಸಿದರೂ ಕಚೇರಿ ಕೆಡಿಸುವುದರಲ್ಲಿ ಮುಂದು. ಕರೆಂಟು ಹೋಗಿ ಜನರೇಟರ್ ಹಿಡಿದುಕೊಳ್ಳುವ ಹತ್ತು ಸೆಕೆಂಡಿನಲ್ಲಿ ಡಿಜಿಟಲ್ ಮಿಕ್ಸರ್ ಆರಿ, ಮತ್ತೆ ಏಳಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ. ಮಿಕ್ಸರಿಗೆ ಪುಟ್ಟ ಯುಪಿಎಸ್ ಇದ್ದರೆ ಸಮಸ್ಯೆಯೇ ಇಲ್ಲ. ದೀಪಗಳ ಡಿಮ್ಮರ್ ಮತ್ತು ಸೌಂಡ್ ಸಿಸ್ಟಂ ಒಂದೇ ಲೈನಿನಲ್ಲಿದ್ದರೆ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಹೋಗುವುದೇ ಇಲ್ಲ. ಸೌಂಡಿಗೆ ಪ್ರತ್ಯೇಕ ಲೈನು, ಪ್ರತ್ಯೇಕ ಅರ್ಥಿಂಗ್ ವೈರು ಎಳೆಯುವುದು ಕಟ್ಟುವಾಗ ಅಗ್ಗ, ಆಮೇಲೆ ಗೋಡೆ ಒಡೆಯಬೇಕು.

ವೇದಿಕೆಯ ಹಿಂದೆ ಏನಿದೆ ಎಂಬುದರ ಮೇಲೆ ಸಭಾಂಗಣದ ಆದಾಯ ನಿಂತಿದೆ. ಲಾರಿ ಹಿಂದಕ್ಕೆ ಬಂದು ನಿಲ್ಲುವ ಕಟ್ಟೆ, ಅದೇ ಎತ್ತರದಲ್ಲಿ ವೇದಿಕೆಯವರೆಗೆ ಸಮತಟ್ಟು ದಾರಿ, ಎರಡೂವರೆ ಮೀಟರ್ ಅಗಲ, ಮೂರು ಮೀಟರ್ ಎತ್ತರದ ಬಾಗಿಲು ಇದ್ದರೆ ಒಂದು ತಂಡ ಇಳಿಸಿ ಕಟ್ಟಿಕೊಳ್ಳಲು ಎರಡು ಗಂಟೆ ಸಾಕು. ಸಭಾಂಗಣ ಎರಡನೇ ಮಹಡಿಯಲ್ಲಿದ್ದು ಸಾಮಾನು ಮೆಟ್ಟಿಲ ಮೇಲೆ ಹೋಗಬೇಕಾದರೆ ಅದೇ ಕೆಲಸಕ್ಕೆ ಒಂದು ದಿನ. ದಟ್ಟಣೆಯ ಹೊತ್ತಿನಲ್ಲಿ ಭಾರಿ ಲಾರಿಗಳಿಗೆ ನಗರದೊಳಗೆ ಪ್ರವೇಶವಿಲ್ಲದ ಬೆಂಗಳೂರಿನಲ್ಲಿ ಈ ದಿನ ಒಂದೂವರೆಯಾಗುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು ಕಾರ್ಯಕ್ರಮ ಹಿಡಿಯಬಹುದಾಗಿದ್ದ ಜಾಗ ಎರಡು ದಿನಕ್ಕೊಂದಕ್ಕೆ ಇಳಿಯುತ್ತದೆ, ಬಾಡಿಗೆ ಏರುತ್ತದೆ, ಸಣ್ಣ ತಂಡಗಳು ದೂರವಾಗುತ್ತವೆ. ಚಾವಣಿಯಲ್ಲಿ ತೂಗುಹಾಕುವ ಕೊಂಡಿಗಳೂ ಹಾಗೆಯೇ. ಸಾಲಾಗಿ ತೂಗುವ ದೊಡ್ಡ ಸ್ಪೀಕರುಗಳ ಗೊಂಚಲು ಒಂದು ಬದಿಗೆ ಅರ್ಧ ಟನ್ನಿನಿಂದ ಒಂದು ಟನ್ ತೂಗುತ್ತದೆ. ಕೊಂಡಿ ಇಲ್ಲದ ಕಡೆ ನೆಲದಿಂದ ಕಬ್ಬಿಣದ ಗೋಪುರ ಎಬ್ಬಿಸಬೇಕು, ಅದು ನೂರಾರು ಆಸನಗಳ ನೋಟ ತಿನ್ನುತ್ತದೆ.

ಹಾಗಿದ್ದರೆ ಬಯಲೇ ಸಾಕಲ್ಲ ಎನ್ನುವವರಿದ್ದಾರೆ. ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ನುಡಿಸಿದ್ದಾರೆ. ಈಗ ದೊಡ್ಡ ಕಾರ್ಯಕ್ರಮಗಳು ಊರಾಚೆ ಮಾದಾವರದ ನೈಸ್ ಮೈದಾನಕ್ಕೆ ಸರಿಯುತ್ತಿವೆ, 2025ರ ಫೆಬ್ರುವರಿಯಲ್ಲಿ ಎಡ್ ಶೀರನ್ ಹಾಡಿದ್ದು ಅಲ್ಲಿಯೇ. ಸರಿದದ್ದಕ್ಕೆ ಗಣಿತದ ಸಮರ್ಥನೆಯೂ ಇದೆ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ವೇದಿಕೆಯಿಂದ 30 ಮೀಟರಿನಲ್ಲಿ 100 ಡೆಸಿಬಲ್ ಇದ್ದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಆಚೆ ಇನ್ನೂ 70. ವಸತಿ ಪ್ರದೇಶಕ್ಕೆ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಹಾಕಿದ ಮಿತಿ ಹಗಲು 55, ರಾತ್ರಿ 45. ಅರಮನೆ ಮೈದಾನದ ಸುತ್ತ ಸದಾಶಿವನಗರ, ಜಯಮಹಲ್, ವಸಂತನಗರ. ದೂರು ಬರದೆ ಇರುತ್ತದೆಯೇ? ಅದೇ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ನಿಷಿದ್ಧ, ಮುಚ್ಚಿದ ಸಭಾಂಗಣದೊಳಕ್ಕೆ ವಿನಾಯಿತಿ ಇದೆ. ಒಳಗೆ 100, ಹೊರಗೆ 45 ಇರಬೇಕೆಂದರೆ ಗೋಡೆ, ಚಾವಣಿ ಮತ್ತು ದೂರ ಸೇರಿ 55 ಡೆಸಿಬಲ್ ತಡೆಯಬೇಕು. ನಡು ಸ್ವರಗಳಿಗೆ ಆರು ಅಂಗುಲದ ಕಾಂಕ್ರೀಟು ಅಷ್ಟನ್ನು ಹೆಚ್ಚುಕಡಿಮೆ ಕೊಡುತ್ತದೆ, ಬೇಸ್ ಸ್ವರಗಳಿಗೆ ಕೊಡುವುದಿಲ್ಲ. ಪಕ್ಕದ ಮನೆಯ ಕಿಟಕಿ ಅದುರುವುದು ಅದರಿಂದ.

ಬಯಲಿನ ನಿಜವಾದ ಪ್ರಶ್ನೆ ಬಾಗಿಲು. ಮೂವತ್ತು ಸಾವಿರ ಜನ ಸೇರಿದರು ಎನ್ನಿ. ಸಮತಟ್ಟು ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ 80 ಜನ ಸಾಗಬಲ್ಲರು. ಹದಿನೈದು ನಿಮಿಷದಲ್ಲಿ ಹೊರಬರಲು ಒಟ್ಟು 25 ಮೀಟರ್ ಅಗಲದ ಗೇಟು ಬೇಕು. ನಾಲ್ಕು ಮೀಟರಿನ ಎರಡೇ ಗೇಟು ತೆರೆದಿದ್ದರೆ ಮುಕ್ಕಾಲು ಗಂಟೆ. ಒಳಬರುವ ಲೆಕ್ಕ ಇನ್ನೂ ಬಿಗಿ. ಟಿಕೆಟ್ ತಪಾಸಣೆಯ ಒಂದು ಸಾಲಿನಲ್ಲಿ ಗಂಟೆಗೆ 660ಕ್ಕಿಂತ ಹೆಚ್ಚು ಜನರನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬುದು ಬ್ರಿಟನ್ನಿನ ಕ್ರೀಡಾಂಗಣಗಳ ಸುರಕ್ಷತಾ ಮಾನದಂಡ. ಎರಡು ಗಂಟೆಯಲ್ಲಿ ಮೂವತ್ತು ಸಾವಿರ ಎಂದರೆ 23 ಸಾಲು, ಬ್ಯಾಗ್ ತಪಾಸಣೆ ಇದ್ದರೆ ಇನ್ನೂ ಹೆಚ್ಚು. ಚದರ ಮೀಟರಿಗೆ ಐದು ಜನ ದಾಟಿದರೆ ಗುಂಪು ಒಬ್ಬೊಬ್ಬರ ಹಿಡಿತದಲ್ಲಿ ಇರುವುದಿಲ್ಲ, ಒಂದೇ ರಾಶಿಯಾಗಿ ತೂಗಾಡುತ್ತದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತದ್ದು ಒಳಗೆ ಹೋಗಲು ನೂಕಿದ ಗೇಟುಗಳ ಬಳಿ. ಮುಚ್ಚಿದ ಜಾಗದ ಕಥೆಗಳೂ ನಮ್ಮ ಮುಂದಿವೆ: 1981ರ ಫೆಬ್ರುವರಿಯಲ್ಲಿ ಇದೇ ಊರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ, ಹೆಚ್ಚಿನವರು ಮಕ್ಕಳು, ತೀರಿಕೊಂಡರು. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು, ಅಲ್ಲಿ ಹೊರಹೋಗುವ ದಾರಿಯನ್ನು ಹೆಚ್ಚುವರಿ ಕುರ್ಚಿಗಳು ನುಂಗಿದ್ದವು. ಕಚೇರಿಯ ದಿನ ನಡುದಾರಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸುವ ಸಂಘಟಕರು ಇದನ್ನು ನೆನಪಿಡಬೇಕು.

ಗೇಟಿನಿಂದ ಹೊರಬಂದವರು ಮನೆಗೆ ಹೋಗಬೇಕಲ್ಲ. ಮೆಟ್ರೊದ ಹಸಿರು ಮಾರ್ಗ 2024ರ ನವೆಂಬರಿನಲ್ಲಿ ಮಾದಾವರ ಮುಟ್ಟಿತು, ಅದು ಒಳ್ಳೆಯದೇ. ಆದರೆ ಆರು ಬೋಗಿಯ ರೈಲು ಒತ್ತಿ ತುಂಬಿದರೆ ಎರಡು ಸಾವಿರದ ಆಸುಪಾಸು. ಹತ್ತು ನಿಮಿಷಕ್ಕೊಂದು ಬಿಟ್ಟರೂ ಗಂಟೆಗೆ ಹನ್ನೆರಡು ಸಾವಿರ. ಮೂವತ್ತು ಸಾವಿರದಲ್ಲಿ ಅರ್ಧದಷ್ಟು ಜನ ಮೆಟ್ರೊ ಹಿಡಿದರೂ ಕೊನೆಯ ರೈಲಿನ ಹೊತ್ತು ಮೀರುತ್ತದೆ. ಇದು ಕಾರ್ಯಕ್ರಮದ ಅನುಮತಿ ಪತ್ರಕ್ಕೆ ಸೇರಬೇಕಾದ ಅಂಕಿ, ಆದರೆ ಸಾಮಾನ್ಯವಾಗಿ ಸೇರುವುದು ವಾಹನ ನಿಲುಗಡೆಯ ಚದರಡಿ ಮಾತ್ರ.

ಒಂದು ದೈತ್ಯ ಸಭಾಂಗಣ ಬಂದರೆ ನಗರದ ಸಂಗೀತ ಉದ್ಧಾರವಾಗುತ್ತದೆ ಎಂಬುದನ್ನೂ ಒಪ್ಪುವುದು ಕಷ್ಟ. ಟೌನ್ ಹಾಲ್ (1935), ರವೀಂದ್ರ ಕಲಾಕ್ಷೇತ್ರ (1963), ಚೌಡಯ್ಯ ಭವನ, ಮೂರೂ ಒಂದೊಂದು ಕಾಲದ ಆಸೆಯ ಕಟ್ಟಡಗಳು. ಟೌನ್ ಹಾಲ್ ಒಳಗಿನ ಸಭೆಗಿಂತ ಹೊರಗಿನ ಮೆಟ್ಟಿಲ ಮೇಲಿನ ಪ್ರತಿಭಟನೆಗೇ ಹೆಚ್ಚು ಹೆಸರಾದದ್ದು ಬೇರೆ ಮಾತು, ಕಟ್ಟಡದ ಪಾತ್ರವನ್ನು ಊರು ತನಗೆ ಬೇಕಾದಂತೆ ಬರೆದುಕೊಳ್ಳುತ್ತದೆ. ದೊಡ್ಡ ಸಭಾಂಗಣಗಳ ಬುಕಿಂಗ್ ಪುಸ್ತಕ ತುಂಬುವುದು ಶಾಲಾ ವಾರ್ಷಿಕೋತ್ಸವ, ಕಂಪನಿಗಳ ಸಮಾರಂಭಗಳಿಂದ. ಸಾಮಾನ್ಯ ದಿನದ ಕಚೇರಿಗೆ ಬರುವವರು ನೂರೈವತ್ತು, ಇನ್ನೂರು. ಅಷ್ಟು ಜನ ಸಾವಿರ ಆಸನದ ಜಾಗದಲ್ಲಿ ಚದುರಿ ಕೂತರೆ ಹಾಡುವವರಿಗೂ ಹುರುಪಿಲ್ಲ, ಧ್ವನಿಯ ಲೆಕ್ಕವೂ ಕೆಡುತ್ತದೆ. ಮೆತ್ತನೆಯ ಕುರ್ಚಿ, ಅದರ ಮಡಿಚಿದ ಅಡಿಭಾಗಕ್ಕೂ ರಂಧ್ರ ಇದ್ದರೆ ಖಾಲಿ ಕುರ್ಚಿಯೂ ಹೆಚ್ಚುಕಡಿಮೆ ಕೂತ ಮನುಷ್ಯನಷ್ಟೇ ಹೀರಿ ವ್ಯತ್ಯಾಸ ತಗ್ಗಿಸುತ್ತದೆ, ಅಷ್ಟೇ.

ಜೆ.ಪಿ. ನಗರದ ರಂಗಶಂಕರ 2004ರಲ್ಲಿ ತೆರೆದಾಗ ಆಯ್ದುಕೊಂಡದ್ದು ಮುನ್ನೂರು ಚಿಲ್ಲರೆ ಆಸನ, ಜನರ ನಡುವೆ ಚಾಚಿದ ವೇದಿಕೆ, ತಡವಾಗಿ ಬಂದವರಿಗೆ ಪ್ರವೇಶವಿಲ್ಲವೆಂಬ ನಿಯಮ, ಸೋಮವಾರ ಬಿಟ್ಟು ಉಳಿದ ದಿನ ನಾಟಕ. ನಾಟಕಕ್ಕೆ ಅದು ಮಾಡಿದ್ದನ್ನು ಸಂಗೀತಕ್ಕೆ ಮಾಡುವ ಜಾಗ ನಗರದ ನಾಲ್ಕು ದಿಕ್ಕಿಗೆ ಒಂದೊಂದಾದರೂ ಬೇಕು: 250–300 ಆಸನ, 1500ರಿಂದ 1800 ಘನಮೀಟರ್, ಮೈಕಿಲ್ಲದೆ ಕೇಳುವಂಥದ್ದು. ಅದರ ಮೇಲೆ 800–1000 ಆಸನದ ಒಂದೆರಡು, ಎತ್ತರ ಹೆಚ್ಚಿಟ್ಟು ಪರದೆಯಿಂದ ಬದಲಿಸಬಲ್ಲ ದೊಡ್ಡದೊಂದು. ಮೂರನೆಯದಕ್ಕೆ ಮಾತ್ರ ದುಡ್ಡು ಹುಡುಕುವುದು ನಮ್ಮ ಅಭ್ಯಾಸ.

ಕಟ್ಟಿಸುವವರು ಯಾರೇ ಇರಲಿ, ಟೆಂಡರಿನಲ್ಲಿ ‘ಅತ್ಯಾಧುನಿಕ ಧ್ವನಿ ವ್ಯವಸ್ಥೆ’ ಎಂದು ಬರೆದರೆ ಗುತ್ತಿಗೆದಾರರು ಸ್ಪೀಕರ್ ತಂದಿಡುತ್ತಾರೆ. ಬರೆಯಬೇಕಾದದ್ದು ಅಂಕಿಗಳು: 125 ಹರ್ಟ್ಸ್‌ನಿಂದ 4000 ಹರ್ಟ್ಸ್‌ವರೆಗೆ ಒಂದೊಂದು ಸ್ವರಪಟ್ಟಿಯಲ್ಲೂ (ಬ್ಯಾಂಡ್) ಅನುರಣನ ಎಷ್ಟು, ಎ.ಸಿ. ಪೂರ್ತಿ ಓಡುವಾಗ ಸದ್ದು ಎಷ್ಟು, ಗೋಡೆ–ಚಾವಣಿ–ಬಾಗಿಲು ಎಷ್ಟು ತಡೆಯಬೇಕು, ಕೊಂಡಿ ಎಷ್ಟು ಕಿಲೋ ಹೊರಬೇಕು. ಧ್ವನಿತಜ್ಞರ ನೇಮಕ ವಾಸ್ತುಶಿಲ್ಪಿಯ ಜೊತೆಗೇ ಆಗಬೇಕು. ಅಳತೆ ಎರಡು ಸಲ, ಅನುರಣನ ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 3382 ಹೇಳುವ ಕ್ರಮದಲ್ಲಿ: ಕುರ್ಚಿ ಕೂರಿಸುವ ಮುಂಚೆ ಒಮ್ಮೆ, ಏಕೆಂದರೆ ಆಗ ಹಲಗೆ ಕೂಡಿಸುವುದೂ ಕಳೆಯುವುದೂ ಸುಲಭ. ಜನ ತುಂಬಿದ ಮೇಲೆ ಇನ್ನೊಮ್ಮೆ, ಉದ್ಘಾಟನೆಗೆ ಮುಂಚೆ ಕಾಲೇಜು ಹುಡುಗರನ್ನು ಕರೆಸಿ ಕೂರಿಸಿದರೂ ಆದೀತು. ಗುತ್ತಿಗೆಯ ಕೊನೆಯ ಕಂತು ಈ ಎರಡನೇ ಅಳತೆಯ ವರದಿ ಬರುವವರೆಗೆ ತಡೆದಿರಬೇಕು, ಆ ಷರತ್ತು ಮೊದಲ ಕರಾರಿನಲ್ಲೇ ಇರಬೇಕು.